ರೇಡಾನ್ ಅಳೆಯುವ ಪುಟ್ಟ ಡಬ್ಬಿ

ಕಾಟಿಪಳ್ಳದ ಒಂದು ತರಗತಿ ಕೋಣೆಯನ್ನು ಊಹಿಸಿಕೊಳ್ಳಿ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರ. ಒಳಗೆ ಎಷ್ಟು ಗಾಳಿ ಇದೆ? ಗುಣಿಸಿ ನೋಡಿ: 90 ಘನ ಮೀಟರ್. ಈ ಗಾಳಿಯಲ್ಲಿ ಸಾರಜನಕ, ಆಮ್ಲಜನಕ ಇರುವುದು ನಿಮಗೆ ಗೊತ್ತು. ಅತ್ಯಂತ ಕಡಿಮೆ ಪ್ರಮಾಣದಲ್ಲಿ ಇನ್ನೊಂದು ಅನಿಲವೂ ಇದೆ. ಅದೇ ರೇಡಾನ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಇದು ಎಲ್ಲಿಂದ ಬಂತು? ಮಣ್ಣು, ಮುರಕಲ್ಲು, ಜಲ್ಲಿ ಎಲ್ಲದರಲ್ಲೂ ಯುರೇನಿಯಂ ತುಸುವಾದರೂ ಇರುತ್ತದೆ. ಅದು ಬಹಳ ನಿಧಾನವಾಗಿ ಕ್ಷಯಿಸುತ್ತಾ ಹೋಗಿ, ಮುಂದೆ ರೇಡಿಯಂ ಆಗಿ, ರೇಡಿಯಂ ಕ್ಷಯಿಸಿ ರೇಡಾನ್ ಆಗುತ್ತದೆ. ಅನಿಲವಾದ್ದರಿಂದ ನೆಲದ ಬಿರುಕುಗಳಿಂದ ಮೇಲೆದ್ದು ಬರುತ್ತದೆ. ಹಂಚಿನ ಮಾಡಿನ ಮನೆಯಲ್ಲಿ ಸಂದುಗಳ ಮೂಲಕ ಗಾಳಿ ಆಡುವುದರಿಂದ ಅದು ಹೊರಹೋಗುತ್ತದೆ. ಕಿಟಕಿ ಮುಚ್ಚಿ ಎ.ಸಿ. ಹಾಕಿದ ಕೋಣೆಯಲ್ಲಿ ಸೇರುತ್ತಾ ಹೋಗುತ್ತದೆ.

ರೇಡಾನ್ ಪರಮಾಣು ಒಡೆದಾಗ ಒಂದು ಆಲ್ಫಾ ಕಣ ಸಿಡಿಯುತ್ತದೆ. ಉಳಿಯುವುದು ಪೊಲೋನಿಯಂ. ಅದು ಅನಿಲವಲ್ಲ, ಘನ. ಧೂಳಿಗೆ ಅಂಟಿ, ಉಸಿರಿನೊಂದಿಗೆ ಶ್ವಾಸಕೋಶದ ಒಳಗೋಡೆಗೆ ಕೂತು, ಅಲ್ಲಿಯೇ ಆಲ್ಫಾ ಕಣಗಳನ್ನು ಹೊಡೆಯುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನ ಮೊದಲ ಕಾರಣವಾದರೆ, ಅನೇಕ ದೇಶಗಳಲ್ಲಿ ರೇಡಾನ್ ಎರಡನೆಯ ಕಾರಣ. 1984ರಲ್ಲಿ ಅಮೆರಿಕದ ಲಿಮೆರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರ್ ಕೆಲಸಕ್ಕೆ ಬಂದರೆ ಸಾಕು, ವಿಕಿರಣದ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು. ಹುಡುಕಿದಾಗ ವಿಕಿರಣದ ಮೂಲ ಸ್ಥಾವರವಲ್ಲ, ಅವರ ಮನೆಯ ರೇಡಾನ್ ಎಂದು ತಿಳಿಯಿತು!

ಕಾಣದ ಅನಿಲವನ್ನು ಅಳೆಯುವುದು ಹೇಗೆ? ಒಡೆಯುವ ಪರಮಾಣುಗಳನ್ನು ಎಣಿಸಿ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು 1 ಬೆಕೆರೆಲ್. ಪ್ರಪಂಚದ ಮನೆಗಳ ಸರಾಸರಿ, ಒಂದು ಘನ ಮೀಟರ್ ಗಾಳಿಗೆ ಸುಮಾರು 40 ಬೆಕೆರೆಲ್. ನಮ್ಮ ತರಗತಿಯಲ್ಲೂ ಅಷ್ಟೇ ಇದೆ ಎಂದುಕೊಂಡರೆ, ಸೆಕೆಂಡಿಗೆ 3600 ಪರಮಾಣುಗಳು ಒಡೆಯುತ್ತಿರುತ್ತವೆ. ಆದರೆ ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ? 125 ಮಿಲಿ ಲೀಟರ್ ಗಾಳಿಯಲ್ಲಿ 200 ಸೆಕೆಂಡಿಗೆ ಒಂದೇ ಒಂದು! ಉಪಕರಣವನ್ನು ಚಿಕ್ಕದು ಮಾಡುವವರಿಗೆ ಎದುರಾಗುವ ಕಷ್ಟ ಇದೇ. ಚಿಕ್ಕ ಡಬ್ಬಿಗೆ ಬೇಕಾದದ್ದು ತಾಳ್ಮೆ.

ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ ಡಬ್ಬಿಗೆ ಬ್ಯಾಟರಿಯೂ ಇಲ್ಲ, ವಯರೂ ಇಲ್ಲ. ಪ್ಲಾಸ್ಟಿಕ್ಕಿನ ಉರುಳೆ, ಅದರೊಳಗೆ ಎರಡು ಕೋಣೆ. ಗಾಳಿ ಒಳಬರುವ ಬಾಯಿಗೆ ಗಾಜಿನ ನಾರಿನ ಸೋಸುಕ. ಧೂಳು, ಪೊಲೋನಿಯಂ ಹೊರಗೇ ಉಳಿಯುತ್ತವೆ. ಎರಡು ಕೋಣೆಗಳ ನಡುವಿನ ತಡೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ನಾಲ್ಕು ತೂತು. ಈ ತೂತುಗಳಲ್ಲೇ ಜಾಣತನವೆಲ್ಲ ಇದೆ ಎಂದು ನನಗೆ ಅನಿಸುತ್ತದೆ.

ಏಕೆಂದರೆ ರೇಡಾನ್‌ಗೆ ಥೋರಾನ್ ಎಂಬ ತಮ್ಮನಿದ್ದಾನೆ. ಅವನು ಹುಟ್ಟುವುದು ಥೋರಿಯಂನಿಂದ. ಕಾಟಿಪಳ್ಳದಿಂದ ತೆಂಕಕ್ಕೆ, ನೇತ್ರಾವತಿ ದಾಟಿದರೆ ಸಿಗುವ ಉಳ್ಳಾಲದ ಕಡಲತೀರದಲ್ಲಿ ಥೋರಿಯಂ ಇರುವ ಮೊನಾಜೈಟ್ ಮರಳಿನ ತಾಣವಿದೆ. ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1993ರಲ್ಲಿ ಈ ಬಗ್ಗೆ ಪ್ರಕಟಿಸಿದರು. ಎರಡೂ ಅನಿಲಗಳು ಆಲ್ಫಾ ಕಣಗಳನ್ನೇ ಬಿಡುವುದರಿಂದ ಎಣಿಕೆ ಬೆರೆತುಹೋಗುತ್ತದೆ. ಬೇರ್ಪಡಿಸುವುದು ಹೇಗೆ? ಆಯುಸ್ಸಿನಿಂದ! ರೇಡಾನ್ ಅರ್ಧವಾಗಲು 3.8 ದಿನ ಬೇಕು. ಥೋರಾನ್‌ಗೆ ಸುಮಾರು 56 ಸೆಕೆಂಡ್ ಸಾಕು.

ಇದನ್ನು ಆಡಿ ನೋಡೋಣ. ಹುಣಸೆ ಬೀಜಗಳನ್ನು ಸೀಳಿ, ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ ಇರುವ 64 ಹೋಳು ಮಾಡಿಕೊಳ್ಳಿ. ಇವು ಥೋರಾನ್ ಪರಮಾಣುಗಳು. ಕೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲಿ. ಬಿಳಿ ಮೇಲಾದವನ್ನು ತೆಗೆದುಬಿಡಿ, ಉಳಿದವನ್ನು ಎಣಿಸಿ ಬರೆಯಿರಿ, ಮತ್ತೆ ಚೆಲ್ಲಿ. ಒಂದು ಚೆಲ್ಲು ಎಂದರೆ 56 ಸೆಕೆಂಡ್. ಹತ್ತು ಸಲ ಚೆಲ್ಲಿದ ಮೇಲೆ ಎಷ್ಟು ಉಳಿದವು? ಬಹುಶಃ ಒಂದೂ ಇಲ್ಲ. ಕಳೆದ ಕಾಲ ಒಂಬತ್ತು ನಿಮಿಷ ಚಿಲ್ಲರೆ. ಅಷ್ಟರಲ್ಲಿ ರೇಡಾನ್‌ನ ಮೊದಲ ಚೆಲ್ಲೂ ಮುಗಿದಿರುವುದಿಲ್ಲ!

ಡಬ್ಬಿಯಲ್ಲೂ ಹೀಗೆಯೇ. ಸಣ್ಣ ತೂತುಗಳಲ್ಲಿ ಅನಿಲ ನುಸುಳಲು ತಡವಾಗುತ್ತದೆ. ಥೋರಾನ್ ಮೊದಲ ಕೋಣೆಯಲ್ಲೇ ಬಹುಪಾಲು ಮುಗಿದುಹೋಗುತ್ತದೆ; ಎರಡನೆಯದಕ್ಕೆ ತಲುಪುವುದು ರೇಡಾನ್. ಎರಡನೆಯ ಕೋಣೆಯ ಎಣಿಕೆ ರೇಡಾನ್‌ನದು. ಮೊದಲನೆಯದರಲ್ಲಿ ಅದನ್ನು ಕಳೆದರೆ ಥೋರಾನ್.

ಎಣಿಸುವವರು ಯಾರು? ಪ್ರತಿ ಕೋಣೆಯಲ್ಲೂ ಕೆಂಪು ಬಣ್ಣದ ಒಂದು ತೆಳು ಫಿಲ್ಮ್ ಇರುತ್ತದೆ. ಆಲ್ಫಾ ಕಣ ಬಡಿದಲ್ಲಿ ಕಣ್ಣಿಗೆ ಕಾಣದ ಗಾಯ. ಮೂರು ತಿಂಗಳು ಡಬ್ಬಿಯನ್ನು ಕೋಣೆಯಲ್ಲಿ ತೂಗುಹಾಕಿ, ಬಳಿಕ ಪ್ರಯೋಗಾಲಯದಲ್ಲಿ ಫಿಲ್ಮನ್ನು ಬಿಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಗಾಯಗಳೆಲ್ಲ ತೂತುಗಳಾಗುತ್ತವೆ. ಆಮೇಲೆ ವಿದ್ಯುತ್ ಕಿಡಿ ಹಾಯಿಸುತ್ತಾರೆ. ಪ್ರತಿ ತೂತಿಗೂ ಒಂದು ಕಿಡಿ. ಯಂತ್ರ ಕಿಡಿಗಳನ್ನು ಎಣಿಸುತ್ತದೆ. (ಇದು ಶಾಲೆಯಲ್ಲಿ ಮಾಡುವ ಪ್ರಯೋಗವಲ್ಲ.)

ಇಷ್ಟು ತೂತು ಎಂದರೆ ಎಷ್ಟು ಬೆಕೆರೆಲ್? ಅಂಗಡಿಯವರ ತೂಕದ ಕಲ್ಲಿಗೆ ಮುದ್ರೆ ಬೀಳುವಂತೆ ಡಬ್ಬಿಗೂ ಪರೀಕ್ಷೆ ಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆಂದೇ, ಮನುಷ್ಯರು ನಡೆದು ಹೋಗಬಹುದಾದಷ್ಟು ದೊಡ್ಡ, ಸುಮಾರು 22 ಘನ ಮೀಟರಿನ ಕೋಣೆ ಇದೆ. ಅಲ್ಲಿ ರೇಡಾನ್ ಎಷ್ಟಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಡಬ್ಬಿಯ ಎಣಿಕೆಯನ್ನು ಅದರೊಂದಿಗೆ ತಾಳೆ ನೋಡುತ್ತಾರೆ.

ಮನೆಯೊಳಗೆ 100 ಬೆಕೆರೆಲ್ ಒಳಗಿರಲಿ, ಏನೇ ಆದರೂ 300 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಲಹೆ ನೀಡಿತು. ಯಾವುದೋ ಕೋಣೆಯ ಲೆಕ್ಕ ಇದಕ್ಕಿಂತ ಹೆಚ್ಚು ಬಂದರೆ ನೆಲದ ಬಿರುಕು ಮುಚ್ಚಿ, ಕಿಟಕಿ ತೆರೆದಿಡಬೇಕು. ಮತ್ತೆ ಹೊಸ ಫಿಲ್ಮ್ ಹಾಕಿ, ಅದೇ ಜಾಗದಲ್ಲಿ ಡಬ್ಬಿಯನ್ನು ಇನ್ನೂ ಮೂರು ತಿಂಗಳು ತೂಗುಹಾಕಬೇಕು.