ಪರದೆಯ ವಿನ್ಯಾಸದಲ್ಲಿ ದೃಶ್ಯ ಹಿಮ್ಮಾಹಿತಿ

ತೆಂಗಿನ ತೋಟವನ್ನು ಹಾಕುವ ರೈತನು ಗುಣಿ ತೋಡುವುದಕ್ಕೆ ಮೊದಲು ಹಗ್ಗ ಎಳೆದು, ಸುಮಾರು 30 ಅಡಿಗೊಂದರಂತೆ ಗೂಟ ನೆಡುತ್ತಾನೆ. ಸಾಲು ನೇರವಾಗಿದೆಯೇ ಎಂದು ನೋಡಿ, ವಕ್ರವಿದ್ದ ಕಡೆ ಗೂಟವನ್ನು ಕಿತ್ತು ಸರಿಪಡಿಸುತ್ತಾನೆ. ಗೂಟವನ್ನು ಸರಿಸುವುದು ಸುಲಭ. ಬೇರು ಬಿಟ್ಟ ಮರವನ್ನು ಸರಿಸುವುದು ಅಸಾಧ್ಯ. ಕಾರ್ಯವು ಸ್ಥಿರವಾಗುವ ಮುನ್ನವೇ ಅದರ ಫಲವನ್ನು ಕಣ್ಣಿಗೆ ತೋರಿಸುವ ಈ ವಿಧಾನವು ತುರುವೇಕೆರೆ, ತಿಪಟೂರು ಸೀಮೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಗಣಕಯಂತ್ರದ ಪರದೆಯನ್ನು ರೂಪಿಸುವ ತಂತ್ರಾಂಶಗಳಲ್ಲಿಯೂ ಇದೇ ತತ್ತ್ವವು ಕೆಲಸ ಮಾಡುತ್ತದೆ. ಅದಕ್ಕೆ ದೃಶ್ಯ ಹಿಮ್ಮಾಹಿತಿ ಎಂದು ಹೆಸರು.

ಹಿನ್ನೆಲೆ

ಬ್ಯಾಂಕು, ಕಚೇರಿ, ರೈಲು ನಿಲ್ದಾಣಗಳಲ್ಲಿ ಕಾಣುವ ಗಣಕಯಂತ್ರದ ಪರದೆಯ ಮೇಲೆ ಗುಂಡಿಗಳು, ಬರೆಯುವ ಚೌಕಗಳು, ಪಟ್ಟಿಗಳು ಇರುತ್ತವೆ. ಇವುಗಳನ್ನು ಎಲ್ಲೆಲ್ಲಿ, ಎಷ್ಟೆಷ್ಟು ಅಳತೆಯಲ್ಲಿ ಇಡಬೇಕೆಂದು ನಿರ್ಧರಿಸಲು ವಿನ್ಯಾಸ ತಂತ್ರಾಂಶವೊಂದು ಬೇಕಾಗುತ್ತದೆ. ವಿನ್ಯಾಸಕಾರನು ಮೌಸಿನಿಂದ ಒಂದು ಗುಂಡಿಯನ್ನು ಹಿಡಿದೆಳೆದು ತನಗೆ ಬೇಕಾದಲ್ಲಿ ಬಿಡುತ್ತಾನೆ.

ಇಂತಹ ಕೆಲಸಕ್ಕೆ ಮಾರ್ಗ ತೋರಿದವನು ಐವಾನ್ ಸದರ್ಲ್ಯಾಂಡ್. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1963ರಲ್ಲಿ ಆತನು ಮಂಡಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲಿ ಬೆಳಕಿನ ಲೇಖನಿಯು ಚಲಿಸಿದಂತೆಲ್ಲ ಪರದೆಯ ಮೇಲಿನ ರೇಖೆಯೂ ಹಿಗ್ಗುತ್ತ ಕುಗ್ಗುತ್ತ ಅದನ್ನು ಅನುಸರಿಸುತ್ತಿತ್ತು. 1991ರಲ್ಲಿ ಬಂದ ವಿಶುವಲ್ ಬೇಸಿಕ್‌ನಲ್ಲಿ ರಂಗೋಲಿಯ ಚುಕ್ಕಿಗಳಂತೆ ಸಮಾಂತರದಲ್ಲಿ ಚುಕ್ಕಿಗಳ ಜಾಲವಿದ್ದು, ಗುಂಡಿಗಳನ್ನು ಅವುಗಳಿಗೆ ಹೊಂದಿಸಲಾಗುತ್ತಿತ್ತು. 2006ರ ನೆಟ್‌ಬೀನ್ಸ್ ತಂತ್ರಾಂಶದಲ್ಲಿ, ಎಳೆಯುತ್ತಿರುವ ವಸ್ತುವು ಪಕ್ಕದ ವಸ್ತುವಿನ ಸಾಲಿಗೆ ಬಂದೊಡನೆ ಮಾರ್ಗದರ್ಶಕ ರೇಖೆಯೊಂದು ತಾನಾಗಿಯೇ ಮೂಡುವ ಏರ್ಪಾಡು ಬಂದಿತು.

ಹಿಮ್ಮಾಹಿತಿಯ ಪ್ರಕಾರಗಳು

ದೃಶ್ಯ ಹಿಮ್ಮಾಹಿತಿಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಆಯ್ಕೆಯ ಸೂಚನೆ: ಈಗ ಯಾವ ವಸ್ತುವು ಕೈಯಲ್ಲಿದೆ ಎಂಬುದನ್ನು ಇದು ತಿಳಿಸುತ್ತದೆ. ವಸ್ತುವಿನ ಸುತ್ತ ಅಖಂಡವಾದ ರೇಖೆ, ನಾಲ್ಕು ಮೂಲೆಗಳಲ್ಲಿಯೂ ನಾಲ್ಕು ಬದಿಗಳ ನಡುವೆಯೂ ಒಟ್ಟು ಎಂಟು ಪುಟ್ಟ ಹಿಡಿಗಳು ಇರುವುದು ವಾಡಿಕೆ.

2. ಭಾವೀ ಸ್ಥಾನದ ಸೂಚನೆ: ವಸ್ತುವನ್ನು ಎಳೆಯುತ್ತಿರುವಾಗ ಅದು ಎಲ್ಲಿ ಕೂರುವುದೆಂಬುದನ್ನು ತುಂಡುಗೆರೆಯ ಆಕಾರ ಅಥವಾ ಮಸುಕಾದ ನೆರಳು ತೋರಿಸುತ್ತದೆ. ಆಗಿರುವುದು ಯಾವುದು, ಇನ್ನೂ ಆಗಬೇಕಾದುದು ಯಾವುದು ಎಂಬ ಭೇದವು ಇಲ್ಲಿ ಸ್ಪಷ್ಟವಾಗಿರಬೇಕು.

3. ಸಾಲಿನ ಸೂಚನೆ: ಎರಡು ವಸ್ತುಗಳ ಅಂಚು ಅಥವಾ ಅಕ್ಷರಗಳ ತಳರೇಖೆ ಒಂದೇ ನೇರಕ್ಕೆ ಬಂದಾಗ ಚುಕ್ಕಿಗೆರೆ ಮೂಡುತ್ತದೆ. ರೈತನ ಹಗ್ಗವು ಮಾಡುವ ಕೆಲಸವೇ ಇದು. ಕೆಲಸ ಮುಗಿದೊಡನೆ ಹಗ್ಗವನ್ನು ಸುತ್ತಿಡುವಂತೆ ಈ ಗೆರೆಯೂ ಮಾಯವಾಗತಕ್ಕದ್ದು.

4. ನಿಷೇಧ ಹಾಗೂ ದೋಷದ ಸೂಚನೆ: ಒಂದರ ಮೇಲೊಂದು ಬಿದ್ದಿರುವುದು, ಚೌಕದಲ್ಲಿ ಅಕ್ಷರಗಳು ಹಿಡಿಸದಿರುವುದು ಮೊದಲಾದ ದೋಷಗಳನ್ನು ಇದು ಎತ್ತಿ ತೋರಿಸುತ್ತದೆ. ದೋಷವು ಪರಿಹಾರವಾಗುವವರೆಗೂ ಈ ಸೂಚನೆಯು ಅಳಿಯಬಾರದು.

ಶೈಲಿಯ ನಿಯಮಗಳು

ಮೊದಲನೆಯದಾಗಿ, ಒಂದು ಗುರುತಿಗೆ ಒಂದೇ ಅರ್ಥವಿರಬೇಕು. ತುಂಡುಗೆರೆಯು ಒಂದೆಡೆ ಭಾವೀ ಸ್ಥಾನವನ್ನೂ ಇನ್ನೊಂದೆಡೆ ದೋಷವನ್ನೂ ಸೂಚಿಸಿದರೆ ನೋಡುವವನು ಗೊಂದಲಕ್ಕೀಡಾಗುವನು. ಆದ್ದರಿಂದ ಪ್ರತಿಯೊಂದು ಶೈಲಿಗೂ ಹೆಸರಿಟ್ಟು, ಅದರ ಬಣ್ಣ, ಗೆರೆಯ ಜಾತಿ, ದಪ್ಪ ಇವುಗಳನ್ನು ತಂತ್ರಾಂಶದ ಒಂದೇ ಸ್ಥಳದಲ್ಲಿ ನಿರೂಪಿಸುವುದು ಉತ್ತಮ. ಎರಡನೆಯದಾಗಿ, ಬಣ್ಣವೊಂದನ್ನೇ ನಂಬಬಾರದು. ಕೆಂಪು ಹಸಿರುಗಳ ಭೇದ ಕಾಣದವರು ಸಮಾಜದಲ್ಲಿ ಇದ್ದಾರೆ. ಗೆರೆಯ ಆಕಾರವೂ ಬದಲಾದರೆ ಅವರಿಗೂ ವಿಷಯ ತಿಳಿಯುತ್ತದೆ. ಮೂರನೆಯದಾಗಿ, ಪ್ರತಿಕ್ರಿಯೆಯು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಬರಬೇಕು. ಅದಕ್ಕಿಂತ ತಡವಾದರೆ ಕೈಗೂ ಕಣ್ಣಿಗೂ ಸಂಬಂಧ ತಪ್ಪುತ್ತದೆ.

ಕನ್ನಡದ ಸಮಸ್ಯೆ

ಇಂಗ್ಲಿಷ್ ಅಕ್ಷರಗಳಿಗೆಂದು ಅಳೆದ ಚೌಕದಲ್ಲಿ ಕನ್ನಡವನ್ನು ಕೂರಿಸಿದಾಗ ದೋಷ ಸೂಚನೆಯ ಮಹತ್ವವು ಅರಿವಾಗುತ್ತದೆ. ಕನ್ನಡದ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುತ್ತದೆ. ಚೌಕದ ಎತ್ತರ ಸಾಲದಿದ್ದರೆ ಒತ್ತು ಕತ್ತರಿಸಿಹೋಗಿ ‘ಮಗ್ಗ’ವು ‘ಮಗ’ ಎಂದೂ, ‘ಕತ್ತೆ’ಯು ‘ಕತೆ’ ಎಂದೂ ಕಾಣುವುದು. ಒಳಗಿನ ದಾಖಲೆ ಸರಿಯಾಗಿಯೇ ಇರುತ್ತದೆ. ಓದುವವನ ಕಣ್ಣು ಮಾತ್ರ ಮೋಸಹೋಗುತ್ತದೆ. ಅಂತೆಯೇ ತಾಲ್ಲೂಕಿನ ಹೆಸರಿಗೆಂದು ‘ತುರುವೇಕೆರೆ’ಯ ಅಳತೆಗೆ ಸರಿಯಾಗಿ ಇಟ್ಟ ಚೌಕದಲ್ಲಿ ‘ಚಿಕ್ಕನಾಯಕನಹಳ್ಳಿ’ ಹಿಡಿಸಲಾರದು. ಆದುದರಿಂದ ಅತ್ಯಂತ ಉದ್ದವಾದ, ಒತ್ತುಗಳುಳ್ಳ ಹೆಸರನ್ನೇ ಪರೀಕ್ಷೆಗೆ ಬಳಸಿ, ಅಕ್ಷರ ಕತ್ತರಿಸಿದ ಕ್ಷಣವೇ ಎಚ್ಚರಿಸುವ ಹಿಮ್ಮಾಹಿತಿಯು ಕನ್ನಡದ ವಿನ್ಯಾಸಕಾರನಿಗೆ ಅತ್ಯವಶ್ಯಕ.

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ಜಾರಿಗೆ ಬಂದು, ಕೈಬರಹದ ಪಹಣಿಗಳ ಸ್ಥಾನದಲ್ಲಿ ಗಣಕೀಕೃತ ಪಹಣಿಗಳು ತಾಲ್ಲೂಕು ಕಚೇರಿಗಳಲ್ಲಿ ದೊರೆಯತೊಡಗಿದವು. ಅಲ್ಲಿನ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇರಿಸುವ ಏರ್ಪಾಡು ಮಾಡಲಾಗಿತ್ತು. ನೌಕರನು ಮಾಡುತ್ತಿರುವುದನ್ನು ರೈತನೂ ತನ್ನ ಕಣ್ಣಿನಿಂದಲೇ ಕಾಣಲಿ ಎಂಬುದೇ ಅದರ ಉದ್ದೇಶ. ಆದರೆ ಪರದೆಯ ಮೇಲಿನ ಹೆಸರು ಅರ್ಧ ಕತ್ತರಿಸಿದ್ದರೆ ಆ ಪಾರದರ್ಶಕತೆಗೆ ಬೆಲೆಯೆಲ್ಲಿ? ಹೊಲದ ಒಡೆಯನ ಹೆಸರು ಪೂರ್ಣವಾಗಿ ಕಾಣುವುದೂ ಆತನ ಹಕ್ಕಿನ ಒಂದು ಭಾಗವೇ ಸರಿ.

ಉಪಸಂಹಾರ

ಯಂತ್ರವು ಎಷ್ಟೇ ಬಲಿಷ್ಠವಾಗಿದ್ದರೂ ಅದು ಏನು ಮಾಡುತ್ತಿದೆ ಎಂಬುದು ಬಳಸುವವನಿಗೆ ಕಾಣದಿದ್ದರೆ ಪ್ರಯೋಜನವಿಲ್ಲ. ಗಣಕವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮೊದಲು ಕಾಗದದ ಮೇಲೆ ಕೊಬ್ಬರಿಯ ತೂಕ, ದರ, ಬೆಳೆಗಾರನ ಹೆಸರು, ಊರು ಇವುಗಳ ನಮೂನೆಯೊಂದನ್ನು ಕನ್ನಡದಲ್ಲಿ ಬರೆದು, ನಾಲ್ಕು ಬಗೆಯ ಸೂಚನೆಗಳೂ ಎಲ್ಲೆಲ್ಲಿ ಬೇಕಾಗುವುವೆಂದು ಗುರುತಿಸುವುದು ಒಳ್ಳೆಯ ಅಭ್ಯಾಸ. ಗೂಟವಿರುವಾಗಲೇ ಸಾಲು ತಿದ್ದುವವನ ತೋಟವು ಮುಂದಿನ ತಲೆಮಾರಿಗೂ ನೇರವಾಗಿಯೇ ನಿಲ್ಲುತ್ತದೆ.