ಮಾನನಷ್ಟ ಪರಿಹಾರದ ತೀರ್ಪು ಬಂದ ಮೇಲೆ: ಅಪೀಲು ಹಾಕುವುದು ಹೇಗೆ?



"ಸಂಘದ ದುಡ್ಡೆಲ್ಲ ಅವಳೇ ನುಂಗಿದಳಂತೆ" ಎಂಬ ಒಂದು ಮಾತು ಸಾಕು, ಒಬ್ಬ ಪ್ರತಿನಿಧಿ ಹತ್ತು ವರ್ಷ ದುಡಿದು ಗಳಿಸಿದ ಹೆಸರು ಮಣ್ಣುಪಾಲಾಗಲು. ಅದನ್ನು ಯಾರಾದರೂ ಕರಪತ್ರದಲ್ಲೋ ಪತ್ರಿಕೆಯಲ್ಲೋ ವಾಟ್ಸಾಪ್‌ನಲ್ಲೋ ಹಾಕಿದರೆ ಆಕೆ ಸಿವಿಲ್ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು. ಇದಕ್ಕೆ ಒಂದು ವರ್ಷದ ಗಡುವಿದೆ. ಹಾಗೆಯೇ, ಸಾಲ ಕಟ್ಟಿದವಳ ಹೆಸರನ್ನೇ ಬಾಕಿದಾರರ ಪಟ್ಟಿಗೆ ಸೇರಿಸಿ ಗೋಡೆಗೆ ಅಂಟಿಸಿದರೆ ಸಂಘದವರೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಮಾನನಷ್ಟದ ದಾವೆಯಲ್ಲಿ ನಾವು ವಾದಿಯೂ ಆಗಬಹುದು, ಪ್ರತಿವಾದಿಯೂ ಆಗಬಹುದು.

ದಾವೆ ಹಾಕುವವರೆಗಿನ ವಿಷಯ ಹಲವರಿಗೆ ಅಲ್ಪಸ್ವಲ್ಪ ಗೊತ್ತಿರುತ್ತದೆ. ಆದರೆ "ಇಷ್ಟು ಲಕ್ಷ ಪರಿಹಾರ ಕೊಡಬೇಕು" ಎಂದು ಕೋರ್ಟು ಹೇಳಿದ ಮೇಲೆ ಏನಾಗುತ್ತದೆ? ಸೋತವರು ಮೇಲಿನ ಕೋರ್ಟಿಗೆ ಹೋಗುವುದು ಹೇಗೆ? ಗೆದ್ದವರು ಸುಮ್ಮನೆ ಕೂರಬಹುದೇ? ಈ ಪಾಠದಲ್ಲಿ ಇದನ್ನು ತಿಳಿಯೋಣ. ನೆನಪಿಡಲು ಮೂರು 'ದ' ಸಾಕು: ದಿನ, ದಾಖಲೆ, ದುಡ್ಡು.

(ಮಾನನಷ್ಟಕ್ಕೆ ಕ್ರಿಮಿನಲ್ ಕೇಸೂ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಅದರ ದಾರಿ ಬೇರೆ. ಇಲ್ಲಿ ನಾವು ಪರಿಹಾರದ ಹಣಕ್ಕಾಗಿ ನಡೆಯುವ ಸಿವಿಲ್ ದಾವೆಯ ವಿಷಯ ಮಾತ್ರ ಹೇಳುತ್ತೇವೆ.)

ಅಪೀಲು ಎಂದರೇನು?

ಕೆಳಗಿನ ಕೋರ್ಟಿನ ತೀರ್ಪು ಸರಿಯೋ ತಪ್ಪೋ ಎಂದು ಮೇಲಿನ ಕೋರ್ಟು ಪರಿಶೀಲಿಸುವುದೇ ಮೇಲ್ಮನವಿ, ಅಂದರೆ ಅಪೀಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮು ಮೊದಲನೇ ಅಪೀಲಿನ ಹಕ್ಕನ್ನು ಕೊಟ್ಟಿದೆ. ಸೋತವರಿಗೆ ಮಾತ್ರವಲ್ಲ, "ನನಗೆ ಕೊಟ್ಟ ಪರಿಹಾರ ತೀರಾ ಕಡಿಮೆಯಾಯಿತು" ಎನ್ನುವ ಗೆದ್ದವರಿಗೂ ಈ ಹಕ್ಕಿದೆ. ಆದರೆ ಇಬ್ಬರೂ ಒಪ್ಪಿ ರಾಜಿ ಮಾಡಿಕೊಂಡು ಪಡೆದ ಡಿಕ್ರಿಯ ಮೇಲೆ ಅಪೀಲಿಲ್ಲ. ಹೀಗಾಗಿ ರಾಜಿ ಪತ್ರಕ್ಕೆ ಸಹಿ ಹಾಕುವ ಮೊದಲು ಓದಿಸಿ ಕೇಳಿ.

ದಿನ

ಅಪೀಲು ಜಿಲ್ಲೆಯ ಕೋರ್ಟುಗಳಲ್ಲಿ ಆದರೆ ಡಿಕ್ರಿಯ ತಾರೀಕಿನಿಂದ 30 ದಿನ, ಹೈಕೋರ್ಟಿಗೆ ಆದರೆ 90 ದಿನ ಇರುತ್ತದೆ. ಯಾವ ಕೋರ್ಟು ಎಂಬುದು ತೀರ್ಪು ಕೊಟ್ಟವರು ಯಾರು, ದಾವೆಯ ಮೊತ್ತ ಎಷ್ಟು ಎಂಬುದರ ಮೇಲೆ ನಿಂತಿದೆ. ತೀರ್ಪಾದ ದಿನವೇ ವಕೀಲರನ್ನು ಕೇಳಿ, ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅಪೀಲಿಗೆ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಬೇಕು. ನಕಲಿಗೆ ಅರ್ಜಿ ಹಾಕಿದ ಮೇಲೆ ಅದು ತಯಾರಾಗಲು ಹಿಡಿಯುವ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ನೀವು ಅರ್ಜಿ ಹಾಕದೆ ಕಳೆದ ದಿನಗಳನ್ನು ಬಿಡುವುದಿಲ್ಲ. ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು. ಆಸ್ಪತ್ರೆಯಲ್ಲಿದ್ದೆ ಎಂದರೆ ಚೀಟಿ ತೋರಿಸಬೇಕು. "ನನಗೆ ಗೊತ್ತೇ ಇರಲಿಲ್ಲ" ಎಂದರೆ ಸಾಲದು.

ಸಮನ್ಸ್ ಬಂದರೂ ಹೆದರಿ ಕೋರ್ಟಿಗೆ ಹೋಗದೆ ಉಳಿಯುವವರೂ ಇದ್ದಾರೆ. ಆಗ ಒಂದೇ ಕಡೆಯವರ ಮಾತು ಕೇಳಿ ಏಕಪಕ್ಷೀಯ ಡಿಕ್ರಿ ಆಗಿಬಿಡುತ್ತದೆ. ಅದನ್ನು ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು, ಇಲ್ಲವೇ ಅಪೀಲು ಹಾಕಬಹುದು. ಅರ್ಜಿಗೂ 30 ದಿನವೇ ಗಡುವು.

ದಾಖಲೆ

"ಕೆಳಗಿನ ಕೋರ್ಟಲ್ಲಿ ಹೇಳಲಾಗದ್ದನ್ನು ಮೇಲೆ ಹೇಳಿದರಾಯ್ತು" ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅಪೀಲು ಹೊಸ ವಿಚಾರಣೆಯಲ್ಲ. ಸಾಕ್ಷಿಗಳು ಮತ್ತೆ ಕಟಕಟೆ ಹತ್ತುವುದಿಲ್ಲ. ಕೆಳಗಿನ ಕೋರ್ಟಿನ ಕಡತವನ್ನು ತರಿಸಿಕೊಂಡು, ಅದರಲ್ಲಿರುವುದನ್ನೇ ಓದಿ, ಎರಡೂ ಕಡೆಯ ವಾದ ಕೇಳುತ್ತಾರೆ. ಹೊಸ ಸಾಕ್ಷ್ಯಕ್ಕೆ ಅವಕಾಶ ಸಿಗುವುದು ಅಪರೂಪ: ಕೆಳಗಿನ ಕೋರ್ಟು ಅದನ್ನು ತಪ್ಪಾಗಿ ನಿರಾಕರಿಸಿದ್ದರೆ, ಎಷ್ಟು ಪ್ರಯತ್ನಿಸಿದರೂ ಆಗ ಸಿಕ್ಕಿರದಿದ್ದರೆ, ಅಥವಾ ತೀರ್ಪು ಕೊಡಲು ಮೇಲಿನ ಕೋರ್ಟಿಗೇ ಅದು ಬೇಕೆನಿಸಿದರೆ.

ಆದ್ದರಿಂದ ಅಪೀಲಿನ ಬಲ ಇರುವುದು ಮೊದಲ ಕೋರ್ಟಿನಲ್ಲಿ ನಾವು ಕೊಟ್ಟ ಕಾಗದಗಳಲ್ಲಿ. ಮಾನನಷ್ಟದ ದಾವೆಯಲ್ಲಿ "ನಾನು ಹೇಳಿದ್ದು ನಿಜ" ಎಂದು ವಾದಿಸುವವರೇ ಅದನ್ನು ರುಜುವಾತು ಮಾಡಬೇಕು. ಸಂಘದ ನಡಾವಳಿ ಪುಸ್ತಕ, ಉಳಿತಾಯದ ಲೆಡ್ಜರು, ಬ್ಯಾಂಕ್ ಪಾಸ್‌ಬುಕ್, ರಸೀದಿ, ಆಡಿಟ್ ವರದಿ ಇವೆಲ್ಲ ನಮ್ಮ ಸಾಕ್ಷಿಗಳು. ವಾರದ ಸಭೆಯಲ್ಲಿ ಎಲ್ಲರೂ ಸಹಿ ಹಾಕಿದ ಒಂದು ಪುಟ ಮುಂದೆ ನಮ್ಮ ಮಾನ ಉಳಿಸಬಹುದು.

ದುಡ್ಡು

"ಅಪೀಲು ಹಾಕಿದ್ದೀವಲ್ಲ, ಇನ್ನೇನು ಭಯ?" ಎನ್ನುವವರುಂಟು. ಅಪೀಲು ಹಾಕಿದ ಮಾತ್ರಕ್ಕೆ ಪರಿಹಾರ ವಸೂಲಿ ನಿಲ್ಲುವುದಿಲ್ಲ. ಅದು ನಿಲ್ಲಬೇಕಾದರೆ ತಡೆಯಾಜ್ಞೆ, ಅಂದರೆ ಸ್ಟೇ, ಬೇರೆಯಾಗಿ ಕೇಳಬೇಕು. ಹಣದ ಡಿಕ್ರಿಯಾದರೆ ಕೋರ್ಟು ಹೇಳಿದಷ್ಟು ಹಣವನ್ನು ಠೇವಣಿ ಇಡಬೇಕು ಅಥವಾ ಭದ್ರತೆ ಕೊಡಬೇಕು. ತಡಮಾಡದೆ ಬಂದಿದ್ದೇವೆ, ಸ್ಟೇ ಸಿಗದಿದ್ದರೆ ದೊಡ್ಡ ನಷ್ಟವಾಗುತ್ತದೆ ಎಂದು ತೋರಿಸಬೇಕು. ಅಪೀಲಿನ ಗಡುವು ಮುಗಿಯುವ ಮೊದಲಾದರೆ ತೀರ್ಪು ಕೊಟ್ಟ ಕೋರ್ಟೇ ಸ್ವಲ್ಪ ಕಾಲ ತಡೆ ಕೊಡಬಹುದು.

ಇದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆ ಇದೆ. 2008ರ ಸೆಪ್ಟೆಂಬರಿನಲ್ಲಿ ಟೈಮ್ಸ್ ನೌ ಟಿವಿ ವಾಹಿನಿ ಭವಿಷ್ಯ ನಿಧಿ ಹಗರಣದ ಸುದ್ದಿಯೊಂದರಲ್ಲಿ, ಬೇರೊಬ್ಬ ನ್ಯಾಯಾಧೀಶರ ಭಾವಚಿತ್ರದ ಬದಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಭಾವಚಿತ್ರ ತೋರಿಸಿತು. ಅದು ಪರದೆಯ ಮೇಲೆ ಇದ್ದದ್ದು ಸುಮಾರು 15 ಸೆಕೆಂಡು. ಸಾವಂತ್ ಅವರು ದಾವೆ ಹಾಕಿದರು. 2011ರ ಏಪ್ರಿಲ್‌ನಲ್ಲಿ ಪುಣೆಯ ಕೋರ್ಟು 100 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ವಾಹಿನಿ ಬಾಂಬೆ ಹೈಕೋರ್ಟಿಗೆ ಅಪೀಲು ಹೋಯಿತು. ವಸೂಲಿ ನಿಲ್ಲಬೇಕಾದರೆ 20 ಕೋಟಿ ನಗದಾಗಿ ಠೇವಣಿ ಇಡಿ, ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದು ಹೈಕೋರ್ಟು ಹೇಳಿತು. ಈ ಷರತ್ತಿನ ವಿರುದ್ಧ ವಾಹಿನಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬರಲು ಒಪ್ಪಲಿಲ್ಲ. ದೊಡ್ಡ ಕಂಪನಿಗಾಗಲಿ, ನಮಗಾಗಲಿ, ನಿಯಮ ಒಂದೇ.

ಸ್ಟೇ ಸಿಗದಿದ್ದರೆ ಗೆದ್ದವರು ಅಮಲ್ಜಾರಿ ಅರ್ಜಿ ಹಾಕಿ ಆಸ್ತಿ ಜಪ್ತಿ ಮಾಡಿಸಬಹುದು. ಆದರೂ ಧೈರ್ಯ ಕಳೆದುಕೊಳ್ಳಬೇಡಿ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಿ ಜೈಲಿಗೆ ಹಾಕುವಂತಿಲ್ಲ ಎಂದು ಸಂಹಿತೆಯ 56ನೇ ಕಲಮು ಹೇಳುತ್ತದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಇವನ್ನು ಜಪ್ತಿ ಮಾಡುವಂತಿಲ್ಲ ಎಂದು 60ನೇ ಕಲಮು ಹೇಳುತ್ತದೆ. ಯಾರಾದರೂ "ನಾಳೆ ಪೊಲೀಸರು ಎತ್ತಾಕ್ಕೊಂಡು ಹೋಗ್ತಾರೆ ನೋಡು" ಎಂದು ಹೆದರಿಸಿದರೆ ಇದನ್ನು ನೆನಪಿಸಿಕೊಳ್ಳಿ.

ಮೇಲಿನ ಕೋರ್ಟು ಏನು ಮಾಡಬಹುದು?

ಮೊದಲನೇ ಅಪೀಲಿನಲ್ಲಿ ನಡೆದ ಸಂಗತಿ ಮತ್ತು ಕಾನೂನು ಎರಡನ್ನೂ ನೋಡುತ್ತಾರೆ. ತೀರ್ಪನ್ನು ಎತ್ತಿಹಿಡಿಯಬಹುದು, ರದ್ದು ಮಾಡಬಹುದು, ಮೊತ್ತ ಬದಲಿಸಬಹುದು, ಇಲ್ಲವೇ ಮತ್ತೆ ವಿಚಾರಿಸಿ ಎಂದು ಕೆಳಗೆ ಕಳಿಸಬಹುದು. ಆದರೆ "ನಾನಾಗಿದ್ದರೆ ಸ್ವಲ್ಪ ಕಡಿಮೆ ಕೊಡುತ್ತಿದ್ದೆ" ಎಂಬಷ್ಟಕ್ಕೇ ಪರಿಹಾರದ ಮೊತ್ತಕ್ಕೆ ಕೈ ಹಾಕುವುದಿಲ್ಲ. ಕೆಳಗಿನ ಕೋರ್ಟು ತಪ್ಪು ತತ್ವದ ಮೇಲೆ ಲೆಕ್ಕ ಹಾಕಿರಬೇಕು, ಅಥವಾ ಮೊತ್ತ ಕಣ್ಣಿಗೆ ಹೊಡೆಯುವಷ್ಟು ಹೆಚ್ಚೋ ಕಡಿಮೆಯೋ ಆಗಿರಬೇಕು. ಅಪೀಲಿನಲ್ಲಿ "ಅನ್ಯಾಯವಾಗಿದೆ" ಎಂದು ಬರೆದರೆ ಸಾಲದು. ಯಾವ ಸಾಕ್ಷಿಯನ್ನು ಬಿಟ್ಟರು, ಯಾವ ಮಾತನ್ನು ತಪ್ಪಾಗಿ ಓದಿದರು ಎಂದು ಒಂದೊಂದಾಗಿ ಬರೆಯಬೇಕು.

ಅಪೀಲು ಹೀಗೆ ಒಂದೊಂದೇ ಮಾತನ್ನು ತೂಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಿದ್ಧ ಕೇಸು ನೋಡೋಣ. ಹೆಲೆನ್ ಸ್ಟೀಲ್ ಮತ್ತು ಡೇವಿಡ್ ಮಾರಿಸ್ ಹೆಚ್ಚು ಆದಾಯವಿಲ್ಲದ ಇಬ್ಬರು ಸಾಮಾನ್ಯರು. ಮೆಕ್‌ಡೊನಾಲ್ಡ್ಸ್ ಹೋಟೆಲ್ ಕಂಪನಿಯನ್ನು ಟೀಕಿಸುವ ಕರಪತ್ರ ಹಂಚಿದರೆಂದು 1990ರಲ್ಲಿ ಕಂಪನಿ ಅವರ ಮೇಲೆ ಕೇಸು ಹಾಕಿತು. ಮಾನನಷ್ಟದ ಕೇಸಿಗೆ ಅಲ್ಲಿ ಸರ್ಕಾರದ ಕಾನೂನು ನೆರವು ಇರಲಿಲ್ಲ. ಹೆಚ್ಚಿನ ವಾದವನ್ನು ಇಬ್ಬರೂ ತಾವೇ ಮಾಡಿದರು. ವಿಚಾರಣೆ 300ಕ್ಕೂ ಹೆಚ್ಚು ದಿನ ನಡೆಯಿತು. 1997ರಲ್ಲಿ ಕೋರ್ಟು ಕರಪತ್ರದ ಕೆಲವು ಮಾತು ನಿಜ, ಹಲವು ಮಾತು ರುಜುವಾತಾಗಿಲ್ಲ ಎಂದು ಹೇಳಿ 60,000 ಪೌಂಡ್ ಪರಿಹಾರ ವಿಧಿಸಿತು. ಅವರು ಅಪೀಲು ಹೋದರು. 1999ರಲ್ಲಿ ಅಪೀಲು ಕೋರ್ಟು, ನೌಕರರ ಸಂಬಳ ಮತ್ತು ಕೆಲಸದ ಸ್ಥಿತಿಯ ಬಗ್ಗೆ ಬರೆದದ್ದು ನ್ಯಾಯವಾದ ಟೀಕೆ ಎಂದು ಒಪ್ಪಿತು. ಆಹಾರ ಮತ್ತು ಹೃದಯ ರೋಗದ ಬಗ್ಗೆಯೂ ಇನ್ನಷ್ಟು ಒಪ್ಪಿತು. ಮೊತ್ತವನ್ನು 40,000 ಪೌಂಡಿಗೆ ಇಳಿಸಿತು. ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ.

ಮುಂದೆ ಅಲ್ಲಿನ ಅತ್ಯುನ್ನತ ಪೀಠ ಅವರ ಕೇಸನ್ನು ತೆಗೆದುಕೊಳ್ಳಲಿಲ್ಲ. ಆಗ ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಬ್ರಿಟನ್ ಸರ್ಕಾರದ ವಿರುದ್ಧವೇ ದೂರು ಕೊಟ್ಟರು. ಅಷ್ಟು ದೊಡ್ಡ ಕಂಪನಿಯ ಎದುರು ಕಾನೂನು ನೆರವಿಲ್ಲದೆ ನಿಲ್ಲಿಸಿದ್ದು ನ್ಯಾಯವಲ್ಲ ಎಂದು 2005ರಲ್ಲಿ ಆ ಕೋರ್ಟು ಹೇಳಿ, ಸರ್ಕಾರ ಅವರಿಗೆ ಹಣ ಕೊಡಬೇಕೆಂದು ಆದೇಶಿಸಿತು.

ನಮ್ಮಲ್ಲಿ ಇನ್ನೂ ಮೇಲಕ್ಕೆ ಹೋಗಬಹುದೇ?

ಹೋಗಬಹುದು, ಆದರೆ ಬಾಗಿಲು ಕಿರಿದಾಗುತ್ತಾ ಹೋಗುತ್ತದೆ. ಜಿಲ್ಲೆಯಲ್ಲಿ ಮೊದಲ ಅಪೀಲು ಮುಗಿದಿದ್ದರೆ ಹೈಕೋರ್ಟಿಗೆ ಎರಡನೇ ಅಪೀಲು ಇದೆ. ಅಲ್ಲಿ ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತಾರೆ. ದಾವೆ 25,000 ರೂಪಾಯಿವರೆಗಿನ ಹಣದ್ದಾದರೆ ಎರಡನೇ ಅಪೀಲೇ ಇಲ್ಲ. ಕೊನೆಗೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಬಹುದು. ಅನುಮತಿ ಕೊಡುವುದು ಬಿಡುವುದು ಕೋರ್ಟಿನ ಇಷ್ಟ.

ಖರ್ಚಿಗೆ ಏನು ದಾರಿ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಆದರೆ ಒಂದು ಎಚ್ಚರಿಕೆ. ಮಾನನಷ್ಟದ ಕೇಸುಗಳನ್ನು ಈ ನೆರವಿನಿಂದ ಹೊರಗಿಟ್ಟ ನಿಯಮಗಳು ಹಲವು ಕಡೆ ಇವೆ. ಆದ್ದರಿಂದ "ಹೇಗೂ ಫ್ರೀ ವಕೀಲರು ಸಿಗ್ತಾರೆ" ಎಂದು ನಂಬಿ ಕೂರಬೇಡಿ. ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ತೀರ್ಪಾದ ವಾರದಲ್ಲೇ ಹೋಗಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಕೋರ್ಟ್ ಫೀ ಕಟ್ಟಲು ನಿಜಕ್ಕೂ ಶಕ್ತಿ ಇಲ್ಲದವರು, ನಿರ್ಗತಿಕಳೆಂದು ಪರಿಗಣಿಸಿ ಅಪೀಲಿಗೆ ಅವಕಾಶ ಕೊಡಿ ಎಂದು ಕೋರ್ಟಿಗೆ ಅರ್ಜಿ ಕೊಡಬಹುದು. ಅಪೀಲು ನಡೆಯುತ್ತಿರುವಾಗಲೂ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು. ಒಂದು ಕ್ಷಮಾಪಣೆ ಪತ್ರ ಕೆಲವೊಮ್ಮೆ ಲಕ್ಷ ರೂಪಾಯಿಗಿಂತ ಹೆಚ್ಚು ಸಮಾಧಾನ ಕೊಡುತ್ತದೆ.

ಗೆದ್ದವರು ಏನು ಮಾಡಬೇಕು?

ನಮ್ಮ ಮಾತು ಕೇಳದೆ ಸ್ಟೇ ಕೊಡಬೇಡಿ ಎಂದು ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಬಹುದು. ಅದು 90 ದಿನ ಜೀವಂತ ಇರುತ್ತದೆ. ಎದುರಿನವರ ಅಪೀಲಿನ ನೋಟೀಸು ಬಂದಾಗ ಬಿಸಾಡಬೇಡಿ. ಪರಿಹಾರ ಕಡಿಮೆಯಾಯಿತು ಎನಿಸಿದರೆ, ನೋಟೀಸು ಸಿಕ್ಕ ಒಂದು ತಿಂಗಳೊಳಗೆ ಅದೇ ಅಪೀಲಿನಲ್ಲಿ ನಿಮ್ಮ ಪ್ರತಿ ಆಕ್ಷೇಪಣೆ ಸಲ್ಲಿಸಬಹುದು.

ಸಹೋದರಿಯರೇ, ಮಾನ ದುಡ್ಡಿನಲ್ಲಿ ಅಳೆಯುವ ವಸ್ತುವಲ್ಲ. ಆದರೂ ಕೋರ್ಟು ಅದಕ್ಕೊಂದು ಬೆಲೆ ಕಟ್ಟಿದಾಗ, ಅದು ಸರಿಯೇ ಎಂದು ಕೇಳುವ ಹಕ್ಕು ನಮಗಿದೆ. ಆ ಹಕ್ಕು ಉಳಿಯುವುದು ದಿನ ಎಣಿಸಿದವರಿಗೆ, ದಾಖಲೆ ಕಾಪಾಡಿದವರಿಗೆ, ದುಡ್ಡಿನ ಏರ್ಪಾಡನ್ನು ಮೊದಲೇ ಯೋಚಿಸಿದವರಿಗೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಪುಸ್ತಕಗಳು ಯಾರ ಬಳಿ ಇವೆ? ಕಳೆದ ಮೂರು ತಿಂಗಳ ನಡಾವಳಿಗೆ ಎಲ್ಲರೂ ಸಹಿ ಹಾಕಿದ್ದಾರೆಯೇ?
2. ಸಾಲ ಬಾಕಿ ಇರುವವರ ಹೆಸರನ್ನು ಹೊರಗೆ ಬರೆದು ಹಾಕುವ ಬದಲು ಬೇರೆ ಯಾವ ದಾರಿ ಇದೆ?
3. ನಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಯ ಕಚೇರಿಯನ್ನು ಯಾರು ಹೋಗಿ ನೋಡಿಕೊಂಡು ಬರುತ್ತೀರಿ?
4. 30 ದಿನದ ಗಡುವು ತಪ್ಪದಿರಲು ತೀರ್ಪಾದ ಮೊದಲ ದಿನ ಮಾಡಬೇಕಾದ ಎರಡು ಕೆಲಸಗಳು ಯಾವುವು?