ವಾಕಿಂಗ್ ನಿಂತರೂ ಕೈಕಾಲಿಗೆ ರಜೆ ಬೇಡ
ಮೇ ತಿಂಗಳು ಬಂತೆಂದರೆ ಸೀತಾಬರ್ಡಿಯ ನಮ್ಮ ಕನ್ನಡ ಮನೆಗಳಲ್ಲಿ ವಾಕಿಂಗ್ ನಿಂತುಹೋಗುತ್ತದೆ. 45 ಡಿಗ್ರಿ ಬಿಸಿಲಿಗೆ ಹೊರಗೆ ಹೋಗದಿರುವುದೇ ಸರಿ. ಆದರೆ ಬರೀ ವಾಕಿಂಗ್ ಎಂದೂ ಸಾಲದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಇದಕ್ಕೆ ಮೊಬೈಲಿಗೆ ಜೋಡಿಸುವ ದುಬಾರಿ ಸ್ಮಾರ್ಟ್ ಯಂತ್ರವೇ ಆಗಬೇಕೆಂದಿಲ್ಲ. ಒಂದು ರಬ್ಬರ್ ಬ್ಯಾಂಡ್, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ ಸಾಕು. ಆದಷ್ಟು ಕೈಯೂರದೆ 10 ಸಲ ಎದ್ದು ಕೂರಿ. ಬ್ಯಾಂಡನ್ನು ಎದೆಯ ಮುಂದೆ ಎರಡೂ ಕಡೆಗೆ 10 ಸಲ ಎಳೆಯಿರಿ. ಸುಧಾರಿಸಿಕೊಂಡು ಇನ್ನೊಂದು ಸುತ್ತು. ಸುಲಭವೆನಿಸಿದ ಮೇಲೆ ಬಿಗಿಯಾದ ಬ್ಯಾಂಡ್ ತನ್ನಿ.

ಉಸಿರು ಮಾತ್ರ ಬಿಗಿಹಿಡಿಯಬೇಡಿ. ಉಸಿರು ಕಟ್ಟಿ ಬಲ ಹಾಕಿದರೆ ಬಿಪಿ ದಿಢೀರ್ ಏರುತ್ತದೆ, ಬಿಟ್ಟಾಗ ಇಳಿದು ತಲೆ ಸುತ್ತಬಹುದು. ಏಳುವಾಗ, ಎಳೆಯುವಾಗ ಒಂದು, ಎರಡು ಎಂದು ಜೋರಾಗಿ ಎಣಿಸಿ. ಉಸಿರು ತಾನೇ ಹೊರಬರುತ್ತದೆ. (ಮಕ್ಕಳಿಗೂ ಕನ್ನಡದ ಎಣಿಕೆ ಬರುತ್ತದೆ!)

ಬಿಪಿ 180/110 ದಾಟಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರಿಗೆ ತಿಳಿಸಿ. ಸ್ಟೆಂಟ್, ಬೈಪಾಸ್ ಆದವರು ನಿಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಿ. ಎದೆ ಬಿಗಿತ, ದವಡೆ ನೋವು, ತಣ್ಣನೆ ಬೆವರು ಕಂಡರೆ ನಿಲ್ಲಿಸಿ, ಕೂಡಲೇ 108ಕ್ಕೆ ಕರೆ ಮಾಡಿ. ಗ್ಯಾಸ್ ಇರಬೇಕು ಎಂದು ಕಾಯುತ್ತ ಕೂರಬೇಡಿ.